ಟಾಪ್ ಗೇರ್ ಬೀಳದ ಕಾರು

ಕೋಗಿಲಿನ ಮುನಿವೆಂಕಟಯ್ಯನವರ ಕಾರಿಗೆ ಟಾಪ್ ಗೇರ್ ಬೀಳುತ್ತಿರಲಿಲ್ಲ. ಬೀಳಿಸೋಣವೆಂದರೆ ಆ ಕೆಲಸ ಓಡಿಸುವವರದಲ್ಲ. ಅದು ಕ್ಲಚ್ಚೇ ಇಲ್ಲದ ಅಮೆರಿಕದ ಹಳೇ ಕಾರು. ವೇಗ ನೋಡಿಕೊಂಡು ತಾನೇ ಗೇರ್ ಬದಲಾಯಿಸಿಕೊಳ್ಳಬೇಕು. ಇದು ಎರಡನೆಯದಕ್ಕೆ ಬಂದು ಅಲ್ಲೇ ಠಿಕಾಣಿ ಹೂಡುತ್ತಿತ್ತು. ಬಳ್ಳಾರಿ ರಸ್ತೆಯುದ್ದಕ್ಕೂ ಅರಚಿಕೊಂಡು ಹೋದರೂ ಗಂಟೆಗೆ ಮೂವತ್ತು ಮೈಲಿ ದಾಟುತ್ತಿರಲಿಲ್ಲ. ಹಿಂದೆ ಬಂದ ಬಸ್ಸು, ಲಾರಿ, ಹಾಲಿನ ವ್ಯಾನು ಎಲ್ಲ ಮುಂದೆ ಹೋಗುತ್ತಿದ್ದವು. ಅದನ್ನಾದರೂ ಸಹಿಸಬಹುದು. ಬೀಗ ಪಿಳ್ಳಪ್ಪನ ಅಂಬಾಸಿಡರ್ ಮುಂದೆ ಹೋಗುವುದನ್ನು, ಹೋಗುವಾಗ ಪಿಳ್ಳಪ್ಪ ಕಿಟಕಿಯಿಂದ ಕೈ ಬೀಸುವುದನ್ನು ಸಹಿಸುವುದು ಹೇಗೆ? ಮಗಳನ್ನು ಕೊಟ್ಟ ಮನೆ ಎಂದು ಬಾಯಿ ಮುಚ್ಚಿಕೊಂಡಿದ್ದ ಮುನಿವೆಂಕಟಯ್ಯ ಕೊನೆಗೆ ಯಲಹಂಕದ ಹೋಟೆಲಿನಲ್ಲಿ ಹತ್ತು ಜನರ ಎದುರು ಪಂಥ ಕಟ್ಟಿಬಿಟ್ಟರು. ಭಾನುವಾರ ಬೆಳಗ್ಗೆ ಯಲಹಂಕದಿಂದ ಹೆಬ್ಬಾಳದ ಕೆರೆ ಏರಿಯವರೆಗೆ. ಸೋತವರು ಅದೇ ಹೋಟೆಲಿನ ಮುಂದೆ ಗೆದ್ದವರಿಗೆ ಪೇಟ ಸುತ್ತಿ ಹಾರ ಹಾಕಬೇಕು.

ಶನಿವಾರ ಮಧ್ಯಾಹ್ನ ಕಾರು ಆರ್.ಟಿ. ನಗರದಲ್ಲಿ ಮೆಕ್ಯಾನಿಕ್ ವೀರಬಸಪ್ಪನ ಶೆಡ್ಡಿನ ಮುಂದೆ ನಿಂತಿತ್ತು. ವೀರಬಸಪ್ಪ ಹುಬ್ಬಳ್ಳಿ ಕಡೆಯವನು. ಹಿಂದಿನ ಸೀಟಿನಲ್ಲಿ ಮುನಿವೆಂಕಟಯ್ಯನವರ ಹೆಂಡತಿ ಗೋಪಾಲಮ್ಮ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಕಾರು ಮನೆಗೆ ಬಂದಾಗಿನಿಂದ ಅದು ಎಲ್ಲಿಗೆ ಹೊರಟರೂ ಅವರು ಹತ್ತಿ ಕೂರುವುದು ರೂಢಿ. ಬೇಡವೆಂದು ಹೇಳಿ ಸಾಕಾಗಿ ಮುನಿವೆಂಕಟಯ್ಯ ಸುಮ್ಮನಾಗಿದ್ದರು.

“ಎಲ್ಲಾ ಮೇಸ್ತ್ರಿಗಳ್ಗೂ ತೋರ್ಸಿದ್ದಾಯ್ತು ಕಣಪ್ಪ,” ಎಂದರು ಮುನಿವೆಂಕಟಯ್ಯ. “ಒಬ್ಬ ಎಣ್ಣೆ ಬದಲಾಯ್ಸ್ದ. ಇನ್ನೊಬ್ಬ ಗೇರ್ ಬಾಕ್ಸೇ ಕೆಳಕ್ ಇಳ್ಸಿ ತೊಳ್ದು ಏರ್ಸ್ದ. ಆದ್ರೂ ಇಂಗೇ.”

ವೀರಬಸಪ್ಪ ಎಣ್ಣೆ ಅಳೆಯುವ ಕಡ್ಡಿ ಎಳೆದು ಗೇರ್ ಎಣ್ಣೆ ಮೂಸಿ ನೋಡಿದ. “ಸುಟ್ಟ ವಾಸನಿ ಇಲ್ಲ. ಒಳಗ ಏನೂ ಕೆಟ್ಟಿಲ್ರಿ ಗೌಡ್ರ. ನಡೀರಿ, ಒಂದ್ ಸುತ್ತು ಹೊಡದು ಬರೂಣು.”

ಮೇಖ್ರಿ ಸರ್ಕಲ್‌ವರೆಗೆ ಹೋಗಿ ಬಂದರು. ದಾರಿಯಲ್ಲಿ ವೀರಬಸಪ್ಪ ಕಣ್ಣು ಮುಚ್ಚಿ, ಗೇರ್ ಬಾಕ್ಸಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದ. “ಒತ್ರಿ,” ಅನ್ನುವನು. “ಈಗ ಕಾಲು ತಗೀರಿ,” ಅನ್ನುವನು. ಒತ್ತಿದರೂ ತೆಗೆದರೂ ಕಾರಿನ ಅರಚಾಟ ಒಂದೇ. ಗೋಪಾಲಮ್ಮ ಕಿಟಕಿಯಾಚೆ ನೋಡುತ್ತಿದ್ದರು.

“ಆಕ್ಸಿಲರೇಟರ್ ಮ್ಯಾಲಿನ ಕಾಲು ಎತ್ತಿದ್ರ ಟಾಪ್ ಬೀಳಬೇಕ್ರಿ,” ಎಂದ ವೀರಬಸಪ್ಪ, ಶೆಡ್ಡಿಗೆ ಮರಳಿದ ಮೇಲೆ. “ನೀವು ಕಾಲು ಎತ್ತಿದ್ದು ಇದಕ್ಕ ಗೊತ್ತಾಗವಲ್ದು. ಇನ್ನೂ ಒತ್ತಾಕತ್ತೀರಿ ಅಂತ ತಿಳ್ಕೊಂಡೈತಿ. ಗೇರ್ ಬಾಕ್ಸಿಗೆ ಅದನ್ನ ಹೇಳೂ ಕಂಬಿ ಎಲ್ಲೋ ಹಿಡಕೊಂಡಿರಬೇಕು.”

ಬಾನೆಟ್ ಎತ್ತಿ, ಆ ಕಂಬಿಯ ಜಾಡು ಹಿಡಿದು ಕೈ ಇಳಿಸಿದ. ಕೈ ನಿಂತಿತು. ಕಂಬಿಯನ್ನು ಮುಂದಕ್ಕೆಳೆದು, ಪಕ್ಕದ ಬೋಲ್ಟಿಗೆ ಸೇರಿಸಿ ಕೆಂಪು ದಾರದಿಂದ ಬಿಗಿದು ಕಟ್ಟಲಾಗಿತ್ತು. ದಾರದ ತುದಿಯಲ್ಲೊಂದು ತಾಮ್ರದ ತಾಯತ. ತಾಯತದ ಮೇಲೆ ಕುಂಕುಮ.

“ಇದನ್ನ ಯಾರೂ ನೋಡಲಿಲ್ಲೇನ್ರಿ?”

“ನೋಡ್ದೆ ಏನು? ಎಲ್ರೂ ನೋಡವ್ರೆ. ದೇವ್ರದ್ದು ಅಂತ ಯಾರೂ ಮುಟ್ಟಿಲ್ಲ. ಗೇರ್ ಬಾಕ್ಸ್ ಇಳ್ಸಿದೋನು ಕೈ ಮುಗ್ದು ಬಿಚ್ಚಿ, ಕೆಲ್ಸ ಆದ್ಮೇಲೆ ಇದ್ದಂಗೇ ಕಟ್ಕೊಟ್ಟ,” ಎಂದರು ಮುನಿವೆಂಕಟಯ್ಯ. “ನಮ್ಮನೆಯೋಳು ಕಟ್ಟಿರೋದು, ದೃಷ್ಟಿ ಆಗ್ದಿರ್ಲಿ ಅಂತ. ಬಿಚ್ಚಿ ಬೇರೆ ಕಡೆ ಕಟ್ಟಪ್ಪ, ಅಷ್ಟೇ ತಾನೆ.” ಅವರ ಮುಖ ಆಗಲೇ ಅರಳಿತ್ತು. ಪಿಳ್ಳಪ್ಪನಿಂದ ಹಾರ ಹಾಕಿಸಿಕೊಳ್ಳಲು ಕುತ್ತಿಗೆಯೂ ತುಸು ಮುಂದೆ ಬಂದಿತ್ತು.

ವೀರಬಸಪ್ಪನಿಗೂ ಧೈರ್ಯ ಬರಲಿಲ್ಲ. “ಕಟ್ಟಿದವರ ಬಿಚ್ಚಲಿ, ಅದ ಛಲೋ,” ಎಂದು ಗೋಪಾಲಮ್ಮನವರನ್ನು ಕರೆದ.

ಗೋಪಾಲಮ್ಮ ಇಳಿದು ಬಂದರು. ಸೆರಗಿನಿಂದ ಬಾಯಿ ಒರೆಸಿಕೊಂಡರು.

“ನಾನು ಬಿಚ್ಚಾಕಿಲ್ಲ.”

“ಅಕ್ಕಾರ, ಇದ ಕಂಬೀನ ಯಾಕ್ ಹುಡುಕಿ ಕಟ್ಟೀರಿ? ಬಾನೆಟ್ಟಿನ್ಯಾಗ ಜಾಗ ಬೇಕಾದಷ್ಟೈತಿ.”

“ಪೂಜೆ ದಿನ ಗಾಡಿ ತಂದ್ನಲ್ಲ, ಆ ಡ್ರೈವರ್ನ ಕೇಳ್ದೆ, ಗಾಡಿಗೆ ಓಡು ಅಂತ ಏಳೋದು ಯಾವ್ದಪ್ಪಾ ಅಂತ. ಇದನ್ ತೋರ್ಸ್ದ. ಅಲ್ಲಾಡ್ದಂಗೆ ಎಳ್ದು ಕಟ್ದೆ. ಅವತ್ತಿಂದ ನಿಧಾನಕ್ ಓಯ್ತಾ ಐತೆ.”

“ಥೂ, ನಿನ್ನ,” ಎಂದರು ಮುನಿವೆಂಕಟಯ್ಯ. “ಆರು ತಿಂಗಳಿಂದ ನನ್ನ ಮಾನ ರಸ್ತೆನಾಗೆ ಅರಾಜಿಗ್ ಇಟ್ಟಿದ್ಯಲ್ಲೇ.”

ಗೋಪಾಲಮ್ಮ ಗಂಡನ ಕಡೆ ತಿರುಗಲಿಲ್ಲ. ತಾಯತವನ್ನೇ ನೋಡುತ್ತ ಹೇಳಿದರು. “ಇದು ಬೈರಣ್ಣಂಗೆ ಅಂತ ಮಾಡ್ಸಿದ್ದು. ಕಟ್ಟಕ್ ಓದ್ರೆ ನಕ್ಬುಟ್ಟು, ಬಂದ್ಮೇಲ್ ಕಟ್ಟವ್ವ ಅಂತ ಓದ. ಬರ್ಲಿಲ್ಲ.”

ಬೈರಣ್ಣ ಅವರ ಹಿರಿಮಗ. ಹೋದ ವರ್ಷ ಇದೇ ಬಳ್ಳಾರಿ ರಸ್ತೆಯಲ್ಲಿ, ಮೋಟಾರ್ ಸೈಕಲ್ಲಿನಲ್ಲಿ ಲಾರಿಯೊಂದನ್ನು ಹಿಂದೆ ಹಾಕಲು ಹೋಗಿ ಸತ್ತಿದ್ದ. ಅವನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ವೀರಬಸಪ್ಪ ಸ್ಪ್ಯಾನರ್ ಕೆಳಗಿಟ್ಟ. ಕೈಯೊರೆಸುವ ಬಟ್ಟೆ ತೆಗೆದುಕೊಂಡು ಒರೆಸಿದ ಬೆರಳನ್ನೇ ಮತ್ತೆ ಮತ್ತೆ ಒರೆಸಿದ. ಕೊನೆಗೆ ಮೆಲ್ಲಗೆ ಕೇಳಿದ, “ಗೌಡ್ರ, ನಾಳೀನ ಪಂಥ?”

ಮುನಿವೆಂಕಟಯ್ಯ ಪಂಚೆ ಎತ್ತಿ ಕಟ್ಟಿ ಬಾನೆಟ್ಟಿನೊಳಗೆ ಬಗ್ಗಿದರು. ಬಿಚ್ಚುತ್ತಾರೆಂದುಕೊಂಡು ವೀರಬಸಪ್ಪ ಬೆಳಕಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದ.

ಅವರು ದಾರದ ಎರಡೂ ತುದಿ ಹಿಡಿದು ಜಗ್ಗಿ ನೋಡಿದರು.

“ಸಡ್ಲ ಆಗೈತೆ,” ಎಂದು, ಮೇಲೆ ಇನ್ನೊಂದು ಗಂಟು ಹಾಕಿದರು.