ಕುಡಿಯೋ ಔಷಧಿ

ಎಸ್ಟೇಟಿನ ಅಂಗನವಾಡಿಗೆ ಐದು ವರ್ಷದ ಧನ್ಯಶ್ರೀ ಖಾಲಿ ಸಿರಪ್ ಬಾಟಲಿ ಹಿಡಿದು ಬಂದಳು. "ನಮ್ಮನೆ ಪಾಪುಗೆ ಕೆಮ್ಮಿತ್ತು ಟೀಚರ್. ಪೂರ್ತಿ ನಾನೇ ಕುಡಿಸ್ದೆ."

ಟೀಚರ್ ಸಾಬೀರಾ ಬಾಟಲಿ ಕಿತ್ತುಕೊಂಡು ನೋಡಿದಳು. "ಯಾಕೆ ಪುಟ್ಟಿ?"

"ನಿನ್ನೆ ನೀವೇ ಹೇಳಿದ್ರಲ್ಲ? ಕಾಫಿ ಗಿಡಕ್ಕೆ ಹೊಡೆಯೋ ಔಷಧಿ ಕೆಟ್ಟದ್ದು, ಕುಡಿಯೋ ಔಷಧಿ ಒಳ್ಳೇದು ಅಂತ."

ಹೌದು, ಹಾಗೇ ಹೇಳಿದ್ದಳು. ಎಷ್ಟು ಕುಡಿಯಬೇಕು ಅನ್ನುವುದನ್ನು ಮಾತ್ರ ಹೇಳಿರಲಿಲ್ಲ.

ಸಾಬೀರಾ ಕೂಲಿಯವರ ಸಾಲಿನಲ್ಲಿದ್ದ ಧನ್ಯಶ್ರೀಯ ಲೈನ್ ಮನೆಗೆ ಓಡಿದಳು. ತಾಯಿ ಕಾಫಿ ಹಣ್ಣು ಕೊಯ್ಯಲು ಹೋಗಿದ್ದಳು. ಎಸ್ಟೇಟಿನ ಒಂದೇ ಜೀಪು ಮೂಡಿಗೆರೆಗೆ ಹೋಗಿತ್ತು. ಸೀರೆಯ ಜೋಲಿಯಿಂದ ಎತ್ತಿಕೊಂಡ ಮಗುವಿನ ಕತ್ತು ಅವಳ ತೋಳಿನಾಚೆ ವಾಲಿತು. ಮೈ ತಣ್ಣಗಿತ್ತು. ಅವಳು ಅದರ ಹೆಸರು ಹಿಡಿದು ಕೂಗುತ್ತಾ ಕೆನ್ನೆ ತಟ್ಟಿದಳು, ಮತ್ತೆ ಮತ್ತೆ ತಟ್ಟಿದಳು.

ಹಿಂದೆಯೇ ಓಡಿಬಂದ ಧನ್ಯಶ್ರೀ ತುಟಿಯ ಮೇಲೆ ಬೆರಳಿಟ್ಟಳು. "ಶ್! ಎಬ್ಬಿಸ್ಬೇಡಿ ಟೀಚರ್. ಈಗಷ್ಟೇ ಮಲಗಿದಾನೆ."