ಜರ್ಯಾ

"ಹ್ಯಾಸ್ ಶೀ ಗಾಟ್ ಎ ನೇಮ್, ಲವ್?" ಎಂದು ಮಿಡ್‌ವೈಫ್ ಮೆಲ್ಲಗೆ ಕೇಳಿದಳು. ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯ ಕೋಣೆಯಲ್ಲಿ ಗೌರವ್, ಉಸಿರಿಲ್ಲದೆ ಹುಟ್ಟಿದ ಮಗಳನ್ನು ತೋಳಲ್ಲಿ ಹಿಡಿದು ನಿಂತಿದ್ದ. ಅವಳ ಉಣ್ಣೆಯ ಕುಲಾವಿ ಅವನ ಮೊಣಕೈಗೆ ಚುಚ್ಚುತ್ತಿತ್ತು. ಅದೊಂದೇ ಅವನಿಗೆ ಗೊತ್ತಾಗುತ್ತಿತ್ತು.

ಹೆಸರು ಇಟ್ಟಿರಲಿಲ್ಲ. ಹುಟ್ಟುವ ಮುಂಚೆ ಹೆಸರು ಆರಿಸಬಾರದೆಂದು ಎರಡೂ ಮನೆಯವರು ಫೋನಿನಲ್ಲಿ ಹೇಳುತ್ತಲೇ ಇದ್ದರು. ಆದರೂ ತಾನು ಕೆಲಸ ಮಾಡುವ ಉಪಗ್ರಹದ ಕಂಪನಿಯಿಂದ ಮನೆಗೆ ಬಂದವನೇ ಗೌರವ್ ಹೆಂಡತಿ ನಿರುಪಮಾಳ ಹೊಟ್ಟೆಗೆ ಬಾಯಿ ಹಚ್ಚಿ, "ಜರ್ಯಾ, ಊಟ ಆಯ್ತಾ?" ಎನ್ನುತ್ತಿದ್ದ. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ ಮೊಟ್ಟಮೊದಲ ಭಾಗಕ್ಕೆ ರಷ್ಯನ್ನರು ಇಟ್ಟ ಹೆಸರದು. ಮುಂಜಾವಿನ ಬೆಳಕು ಎಂದರ್ಥ. ನಿರುಪಮಾ ರೇಗುತ್ತಿದ್ದಳು: "ಆ ರಷ್ಯನ್ನರ ವಾಚಿಗೂ ಅದೇ ಹೆಸರು, ಪೇಪರಿಗೂ ಅದೇ, ಆಕಾಶದಲ್ಲಿರೋ ಡಬ್ಬಕ್ಕೂ ಅದೇ. ನನ್ನ ಮಗೂಗೆ ಬೇರೆ ಹೆಸರು ಸಿಗಲ್ವಾ?"

ಈಗ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಿಡ್‌ವೈಫ್ ಉತ್ತರಕ್ಕಾಗಿ ಕಾಯುತ್ತಿದ್ದಳು.

"ನಾಮಕರಣದಲ್ಲಿ ಹೇಳ್ತಾರಲ್ಲ, ಹಾಗೆ ಕಿವೀಲಿ ಹೇಳು," ಎಂದಳು ನಿರುಪಮಾ, ತಿರುಗದೆ.

"ಯಾವ ಹೆಸರು?"

"ಅವಳು ಕೇಳಿಸ್ಕೊಂಡಿರೋದು ಒಂದೇ ಅಲ್ವಾ."

ಗೌರವ್ ಕುಲಾವಿಯನ್ನು ಮಗುವಿನ ಕಿವಿಯಿಂದ ಚೂರು ಮೇಲಕ್ಕೆ ಸರಿಸಿದ.