ಖೊಟ್ಟಿ ಕುಡಗೋಲು

“ಕಾಕಾ, ನಿಮ್ಮ ಕುಡಗೋಲು ಖೊಟ್ಟಿ ಅಂತ ನೀವ ಬರದೀರಲ್ಲ?” ಎಂದು ಕುಡಗೋಲು ಕೊಳ್ಳಲು ಬಂದಿದ್ದ ನೀಲಾ ಕೇಳಿದಾಗ ಮುನವಳ್ಳಿಯ ಕಂಬಾರ ಲಗಮಪ್ಪನಿಗೆ ಮೊದಲು ನಗು ಬಂತು. ಯರಗಟ್ಟಿ ಸಂತೆಯಲ್ಲಿ ಮೂವತ್ತು ವರ್ಷದಿಂದ ಗೋಣಿತಟ್ಟು ಹಾಸಿ ಕೂತವನು, ಚೌಕಾಸಿಯ ನೂರೆಂಟು ಬಗೆ ಕಂಡಿದ್ದ. ಇದು ನೂರಾ ಒಂಬತ್ತನೆಯದಿರಬೇಕು ಅಂದುಕೊಂಡ.

ಆಕೆ ಫೋನನ್ನು ಅವನ ಮೂಗಿನ ಮುಂದೆ ಹಿಡಿದಳು. ಇಂಗ್ಲಿಷ್ ಅಕ್ಷರಕ್ಕೆ ಕ್ಯಾಮೆರಾ ತೋರಿಸಿದರೆ ಅದು ಕನ್ನಡ ಮಾಡಿ ಹೇಳುತ್ತದಂತೆ. ಕುಡಗೋಲಿನ ಮೇಲೆ ‘ಫೋರ್ಜ್ಡ್’ ಎಂದಿದ್ದ ಕಡೆ ಫೋನಿನಲ್ಲಿ ‘ನಕಲಿ’ ಎಂದು ಕೂತಿತ್ತು. ಇಂಗ್ಲಿಷ್ ಇದ್ದರೆ ಮಾಲಿಗೆ ತೂಕ ಬರುತ್ತದೆಂದು ಬೆಳಗಾವಿಯಿಂದ ಆ ಅಚ್ಚು ತರಿಸಿ, ಈ ಸುಗ್ಗಿಗೆ ಬಡಿದ ಅಷ್ಟೂ ಕುಡಗೋಲಿಗೆ ಲಗಮಪ್ಪ ತಾನೇ ಕೈಯಾರೆ ಒತ್ತಿದ್ದ. ಪಕ್ಕದಲ್ಲಿ ನಿಂತಿದ್ದ ಇಬ್ಬರು ಗಿರಾಕಿಗಳು ಕೈಯಲ್ಲಿದ್ದುದನ್ನು ಮೆಲ್ಲಗೆ ಕೆಳಗಿಟ್ಟು ಹೊರಟರು. ಅಪ್ಪ ಗಳಿಸಿಟ್ಟ ಹೆಸರು ಒಂದು ಶಬ್ದಕ್ಕೆ ಮಣ್ಣುಪಾಲಾಯಿತಲ್ಲ ಎಂದು ಸಂಕಟಪಡುತ್ತ ಅವನು ದಾರಿಯತ್ತ ನೋಡಿದ.

ಕಾಯಿಪಲ್ಲೆ ಚೀಲ ಹಿಡಿದು ಹೊರಟಿದ್ದ ಹೈಸ್ಕೂಲಿನ ಇಂಗ್ಲಿಷ್ ಟೀಚರ್ ಸಂಘಮಿತ್ರಾ ಅವರನ್ನು ಕೈಮುಗಿದು ನಿಲ್ಲಿಸಿದ. “ಅಕ್ಕೋರ, ಇದರಾಗ ಏನು ಬರದೈತಿ, ಖರೇ ಹೇಳ್ರಿ.”

“ಕುಲಿಮ್ಯಾಗ ಕಾಸಿ ಬಡದು ಮಾಡಿದ್ದು ಅಂತ ರೀ. ಬರೋಬ್ಬರಿ ಐತಿ.” ಲಗಮಪ್ಪ ಉಸಿರು ಬಿಡುವಷ್ಟರಲ್ಲಿ ಅವರು ಮುಂದುವರಿಸಿದರು. “ಆದ್ರ ಖೊಟ್ಟಿ ಅಂತನೂ ಆಗತೈತಿ. ಖೊಟ್ಟಿ ಸಹಿ ಮಾಡಿದ್ರ ಅದಕ್ಕೂ ಇದ ಶಬ್ದ.”

“ಎರಡಕ್ಕೂ ಒಂದ?” ಸಂಕಟ ಮರೆತು ಲಗಮಪ್ಪ ಮುಂದಕ್ಕೆ ಸರಿದು ಕೂತ. “ಮೊದಲು ಯಾವುದು ಬಂತು ರೀ?”

“ಬಡಿಯೂದು ಮೊದಲು. ಖೊಟ್ಟಿ ಆಮ್ಯಾಲೆ.”

“ಅಂದ್ರ ಕಳ್ಳ ನಮ್ಮ ಕುಲಿಮಿಗೆ ಬಂದು ಕಸಬು ಕಲತು ಹೋದ. ಎಂಥಾ ಭಾಷಾ ರೀ ಇದು. ನಮ್ಮ ಕನ್ನಡದಾಗ ಹಿಂಗಿಲ್ಲ.”

“ಯಾಕಿಲ್ಲ ಕಾಕಾ?” ಎಂದಳು ನೀಲಾ. “ನಾವು ಮನಿನೂ ಕಟ್ತೇವಿ, ಕಥಿನೂ ಕಟ್ತೇವಿ. ನಮ್ಮ ನಾದಿನಿ ನನ್ನ ಮ್ಯಾಲೆ ಕಟ್ಟಿದ ಕಥಿ ಎಲ್ಲಾ ಮನಿ ಆಗಿದ್ರ ಒಂದು ಓಣಿ ಆಗತಿತ್ತು.”

ಟೀಚರ್ ನಗುತ್ತಾ, ಇದನ್ನು ನಾಳೆ ಮಕ್ಕಳಿಗೆ ಹೇಳುತ್ತೇನೆಂದು ಬಸ್ಸಿನ ಕಡೆ ನಡೆದರು. ಲಗಮಪ್ಪನಿಗೆ ಮಾತ್ರ ನಗಲು ಆಗಲಿಲ್ಲ. ಬಂದ ಬಂದ ಗಿರಾಕಿಗೆಲ್ಲ ಇಷ್ಟು ದೊಡ್ಡ ಪುರಾಣ ಬಿಚ್ಚುತ್ತ ಕೂತರೆ ಸಂತೆ ಮುಗಿದೇ ಹೋಗುತ್ತದೆ. ಅರ ತೆಗೆದುಕೊಂಡು ಆ ಅಕ್ಷರಗಳನ್ನು ಒಂದೊಂದಾಗಿ ತಿಕ್ಕತೊಡಗಿದ. ತಲೆ ಎತ್ತಿ ನೋಡಿದರೆ ನೀಲಾ ಎದುರಿನ ಅಂಗಡಿಗೆ ದಾಟಿದ್ದಳು. ಅಲ್ಲಿ ತಗಡು ಕತ್ತರಿಸಿ ಮಾಡಿದ ಕುಡಗೋಲುಗಳಿದ್ದವು, ಒಂದೊಂದಕ್ಕೂ ಬಂಗಾರದ ಬಣ್ಣದ ಚೀಟಿ. ಹೋಯಿತು ಬಿಡು ಎಂದುಕೊಂಡು ಅವನು ಮತ್ತೆ ತಿಕ್ಕಿದ.

ನೀಲಾ ಅಲ್ಲಿಯ ಒಂದು ಕುಡಗೋಲಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಅದು ಹಪ್ಪಳದಂತೆ ಬಾಗಿತು. ಅದನ್ನು ಅಲ್ಲೇ ಇಟ್ಟು ತಿರುಗಿ ಬಂದಳು.

“ತಿಕ್ಕಬ್ಯಾಡ್ರಿ ಕಾಕಾ, ಇರಲಿ. ಅಲ್ಲಿ ಎಲ್ಲಾದರ ಮ್ಯಾಲೂ ಅಸಲಿ ಅಂತ ಬರದಾರ. ನನಗ ಖೊಟ್ಟಿ ಅಂತ ಬರದದ್ದ ಒಂದು ಕೊಡ್ರಿ.”